ಐದು, ಹನ್ನೊಂದು, ಹದಿನೇಳು

“ಸಹಿ ಹಾಕಮ್ಮ. ಪೆನ್ನು ಕೈಯಲ್ಲಿದೆ, ಹಾಳೆ ಮುಂದಿದೆ. ಇನ್ನು ಮುಹೂರ್ತ ನೋಡೋದೊಂದು ಬಾಕಿ.”

ಮುಖ್ಯಸ್ಥರು ಹಾಗೆಂದು ಕೈಗಡಿಯಾರ ನೋಡಿಕೊಂಡರು. ಮಾತಿಗೊಮ್ಮೆ ಅದನ್ನು ನೋಡಿಕೊಳ್ಳುವುದರಿಂದಲೇ ಬೆನ್ನ ಹಿಂದೆ ಅವರಿಗೆ ಗಡಿಯಾರ ಎಂದು ಹೆಸರು. ಹನ್ನೊಂದು ಗಂಟೆ ಐದು ನಿಮಿಷ. ಹನ್ನೆರಡಕ್ಕೆ ಮೇಲಿನವರಿಗೆ ವರದಿ ಹೋಗಬೇಕು, ವರದಿಯಲ್ಲಿ ಒಂದು ಹೆಸರಿರಬೇಕು.

ಗುಬ್ಬಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

ಹಾಳೆಯ ಮೇಲಿದ್ದದ್ದು ನಾಲ್ಕೇ ಸಾಲು. ಮಂಗಳವಾರ ಬೆಳಿಗ್ಗೆ ಹತ್ತು ಮೂವತ್ತನಾಲ್ಕಕ್ಕೆ, ಕೆಲಸದ ಹೊತ್ತಿನಲ್ಲಿ, ತಾನು ವರ್ಷದ ಲೆಕ್ಕದ ವರದಿಯನ್ನು ಕಂಪ್ಯೂಟರಿನಲ್ಲಿ ಓಡಿಸಿದ್ದರಿಂದ ರಕ್ತನಿಧಿಯ ಸರ್ವರ್ ಕುಸಿಯಿತು. ಆಸ್ಪತ್ರೆಗಳು ಕಳಿಸಿದ ಹದಿಮೂರು ಕೋರಿಕೆಗಳು ತಡವಾದವು. ಹೊಣೆ ತನ್ನದೇ. ಇದಕ್ಕೆ ಸಹಿ ಬಿದ್ದರೆ ನಾಳೆಯಿಂದ ಅವಳು ಈ ಕಟ್ಟಡದ ಮೆಟ್ಟಿಲು ಹತ್ತುವ ಹಾಗಿಲ್ಲ.

ಹದಿಮೂರರಲ್ಲಿ ಒಂದು ಕೋರಿಕೆ ಹೆರಿಗೆ ಕೋಣೆಯಿಂದ ಬಂದದ್ದು. ತಾಯಿ, ಮಗು ಇಬ್ಬರೂ ಈಗ ಚೆನ್ನಾಗಿದ್ದರು. ಆದರೂ ಎರಡು ದಿನದಿಂದ ಗುಬ್ಬಿಯ ಗಂಟಲಲ್ಲಿ ತುತ್ತು ಇಳಿದಿರಲಿಲ್ಲ.

“ಅತ್ತೆ, ನಾನೇ ಇರ್ಬೋದೇನೋ,” ಅಂದಳು. “ನಾನು ಗುಂಡಿ ಒತ್ತಿದೆ. ಎರಡೇ ನಿಮಿಷ. ಕೋರಿಕೆ ಬಂದಾಗ ಬಡಿಯೋ ಗಂಟೆಗಳೆಲ್ಲ ಒಟ್ಟಿಗೆ ಬಡ್ಕೊಂಡ್ವು.”

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ತಲೆಯೆತ್ತಲಿಲ್ಲ. ಅವರ ಮಡಿಲಲ್ಲಿ ಇನ್ನೊಂದು ಹಾಳೆಯಿತ್ತು, ಅದನ್ನೇ ಅವರು ಹತ್ತು ನಿಮಿಷದಿಂದ ನೋಡುತ್ತಿದ್ದರು. ಇಪ್ಪತ್ತೆಂಟು ವರ್ಷ ಇದೇ ಸರ್ವರ್ ಕೋಣೆಯನ್ನು ಕಾದ ಹೆಂಗಸು. ನಿವೃತ್ತಿಯಾದ ಮೇಲೆ, ಯಂತ್ರ ಸುಳ್ಳು ಹೇಳಿದಾಗಲೂ ಮನುಷ್ಯ ಸುಳ್ಳು ಹೇಳಿದಾಗಲೂ ಜನ ಅವರ ಮನೆ ಬಾಗಿಲು ತಟ್ಟುತ್ತಿದ್ದರು. ಈ ಸಲ ತಟ್ಟಿದ್ದು ತಮ್ಮನ ಮಗಳು.

“ಸೊಸೆ ಅಂತ ಮರುಕ ಬೇಡ ಮೇಡಂ,” ಎಂದರು ಮುಖ್ಯಸ್ಥರು.

“ಮರುಕ ಎಲ್ಲಿಂದ ಬರುತ್ತೆ ಸರ್. ಗಾದೆ ಕೇಳಿಲ್ವಾ, ಅತ್ತೆ ಒಡೆದ್ರೆ ಹಳೇ ಗಡಿಗೆ, ಸೊಸೆ ಒಡೆದ್ರೆ ಹೊಸ ಗಡಿಗೆ ಅಂತ. ನನಗೆ ಗಡಿಗೆ ಒಡೆದಿದ್ದು ಯಾವಾಗ ಅನ್ನೋದಷ್ಟೇ ಗೊತ್ತಾಗ್ಬೇಕು.” ಅತ್ತೆ ಮಡಿಲಿನ ಹಾಳೆಯನ್ನು ಮೇಜಿನ ಮೇಲೆ ಹರಡಿ ಅಂಗೈಯಿಂದ ಸುಕ್ಕು ತೀಡಿದರು. “ಇದನ್ನ ಒಂದ್ಸಲ ಓದಿ ಹೇಳ್ತೀರಾ.”

ಅದು ಮಂಗಳವಾರ ಹತ್ತು ನಲವತ್ತೊಂದಕ್ಕೆ ಸರ್ವರಿನಿಂದ ತೆಗೆದ ಮುದ್ರಣ. ಗುಬ್ಬಿಯ ಮೇಲಿನ ಆರೋಪವೆಲ್ಲ ನಿಂತಿದ್ದು ಅದರ ಒಂದು ಸಾಲಿನ ಮೇಲೆ. ಲೋಡ್ ಎಂಬ ಪದ, ಅದರ ಮುಂದೆ ಮೂರು ಅಂಕಿ.

“ಐದು, ಹನ್ನೊಂದು, ಹದಿನೇಳು,” ಎಂದು ಮುಖ್ಯಸ್ಥರು ಬೆರಳಿಟ್ಟು ಓದಿದರು. “ಇದರಲ್ಲಿ ಒಗಟೇನಿದೆ? ಇವಳು ವರದಿ ಓಡಿಸಿದ ಕೂಡಲೇ ಐದು. ಆಮೇಲೆ ಹನ್ನೊಂದು. ಆಮೇಲೆ ಹದಿನೇಳು. ಏರ್ತಾ ಹೋಗಿದೆ. ಎರಡನೇ ಕ್ಲಾಸಿನ ಮಗೂನೂ ಹೇಳುತ್ತೆ.” ಬೆರಳು ಗೋಡೆಯ ಕಡೆ ತಿರುಗಿತು. “ಅಲ್ಲಿ ನೋಡಿ ನಿಯಮ.”

ಗೋಡೆಗೆ ಅಂಟಿಸಿದ ಚೀಟಿಯ ಅಂಚುಗಳು ಹಳದಿಯಾಗಿದ್ದವು. ದುಂಡು ಅಕ್ಷರದಲ್ಲಿ ಬರೆದಿತ್ತು: ಲೋಡ್ ನಾಲ್ಕು ದಾಟಿದರೆ ಅಪಾಯ.

“ನಾಲ್ಕು ದಾಟಿದ್ರೆ ಅಪಾಯ. ಇವಳು ಹದಿನೇಳಕ್ಕೆ ಒಯ್ದಿದಾಳೆ.”

ಅತ್ತೆ ಬಾಗಿಲ ಬಳಿ ನಿಂತವನ ಕಡೆ ನೋಡಿದರು. ಅವನು ಅತ್ತೆಯ ಜಾಗಕ್ಕೆ ಬಂದ ಹೊಸ ಎಂಜಿನಿಯರ್. ಕೇಳಿದ್ದಕ್ಕಷ್ಟೇ ಉತ್ತರ ಕೊಡುವವನಾದ್ದರಿಂದ ಆಫೀಸಿನಲ್ಲಿ ಮೌನಿ ಎಂದೇ ಹೆಸರಾಗಿದ್ದ. ಈ ಹಾಳೆ ತೆಗೆದುಕೊಟ್ಟವನೂ ಅವನೇ.

“ನೀನೇನಂತೀಯಪ್ಪ?”

ಮೌನಿ ತನ್ನ ಬೂಟು ನೋಡಿಕೊಂಡ. “ಸರ್ ಕೇಳಿದ್ದು ಹಾಳೆ ಮಾತ್ರ ಮೇಡಂ. ಓದೋದು ಹೇಗೆ ಅಂತ ಯಾರೂ ಕೇಳ್ಲಿಲ್ಲ.”

ಪೆನ್ನಿನ ಮುಚ್ಚಳ ತೆಗೆಯುತ್ತಿದ್ದ ಗುಬ್ಬಿಯ ಕೈ ಅರ್ಧದಲ್ಲಿ ನಿಂತಿತು.

ಅತ್ತೆ ಎದ್ದು ಗೋಡೆಯ ಹತ್ತಿರ ಹೋದರು. ಚೀಟಿಯನ್ನು ಹಳೆಯ ಗೆಳತಿಯ ಮುಖ ನೋಡುವಂತೆ ನೋಡಿದರು. ಆಮೇಲೆ ಉಗುರಿನಿಂದ ಒಂದೊಂದೇ ಮೂಲೆ ಬಿಡಿಸಿ ಕಿತ್ತರು.

“ಇದು ಯಾರ ಕೈಬರಹ ಗೊತ್ತಾ ಸರ್?”

“ಯಾರದಾದ್ರೇನು. ಹತ್ತು ವರ್ಷದಿಂದ ಎಲ್ಲರೂ ಪಾಲಿಸ್ಕೊಂಡು ಬಂದಿದಾರೆ.”

“ನನ್ನದು.” ಅತ್ತೆ ಚೀಟಿಯನ್ನು ಹಾಳೆಯ ಪಕ್ಕದಲ್ಲಿಟ್ಟರು. “ಮೊದಲನೇ ತಪ್ಪು ನನ್ನದೇ ಅಂತ ಬರ್ಕೊಳ್ಳಿ.”

ಮುಖ್ಯಸ್ಥರು ಗಡಿಯಾರ ನೋಡುವುದನ್ನು ಮರೆತರು.

“ಕ್ಷೌರದಂಗಡಿಗೆ ಹೋಗ್ತೀರಲ್ಲ. ಅಲ್ಲಿ ನಾಲ್ಕು ಕುರ್ಚಿ ಇದೆ ಅಂದ್ಕೊಳ್ಳಿ. ಕುರ್ಚಿ ಮೇಲೆ ಕೂತಿರೋರು, ಬೆಂಚಿನ ಮೇಲೆ ಕಾಯ್ತಿರೋರು, ಎಲ್ಲರನ್ನೂ ಸೇರಿಸಿ ಎಣಿಸಿದ್ರೆ ಬರೋದು ಲೋಡು. ನಾಲ್ಕು ಜನ ಇದ್ದಾರೆ ಅಂದ್ರೆ ಅಂಗಡಿ ಭರ್ತಿ, ಯಾರೂ ಕಾಯ್ತಿಲ್ಲ. ಐದನೆಯವನು ಬಂದ್ರೆ ಅವನು ಬೆಂಚಿಗೆ. ನಾನು ಚೀಟಿ ಬರೆದಾಗ ನಮ್ಮ ಯಂತ್ರಕ್ಕೆ ನಾಲ್ಕೇ ಕುರ್ಚಿ ಇದ್ದದ್ದು. ಅವನ್ನ ಕೋರ್ ಅಂತಾರೆ.” ಅತ್ತೆ ಮೌನಿಯ ಕಡೆ ತಿರುಗಿದರು. “ಈಗಿನ ಯಂತ್ರದಲ್ಲಿ ಎಷ್ಟು ಕೋರ್?”

“ಹದಿನಾರು.”

“ಹದಿನಾರು ಕುರ್ಚಿ. ಐದು ಜನ ಬಂದ್ರೆ ಹನ್ನೊಂದು ಖಾಲಿ. ಅಂಗಡಿಯವರು ನೊಣ ಹೊಡೀತಾ ಕೂರ್ಬೇಕು. ಅಂಗಡಿ ದೊಡ್ಡದಾಯ್ತು, ನನ್ನ ಬೋರ್ಡು ಬದಲಾಗ್ಲಿಲ್ಲ. ಹೋಗೋವಾಗ ಕಿತ್ತು ಹೋಗ್ಬೇಕಿತ್ತು. ಮರೆತೆ.”

“ಸರಿ, ಐದು ಬಿಡಿ,” ಎಂದರು ಮುಖ್ಯಸ್ಥರು. ಅಷ್ಟು ಸುಲಭಕ್ಕೆ ಸೋಲುವ ಆಸಾಮಿಯಲ್ಲ. “ಹದಿನೇಳು? ಹದಿನಾರು ಕುರ್ಚಿಗೂ ಅದು ಜಾಸ್ತೀನೇ. ಅಲ್ಲಿಗೆ ಒಯ್ದವರು ಯಾರು?”

“ಅದೇ ನೋಡಿ ಗಮ್ಮತ್ತು. ನೀವು ಅಂಕಿಗಳನ್ನ ಕತೆ ಓದೋ ಹಾಗೆ ಓದಿದ್ರಿ. ಎಡಗಡೆಯಿಂದ ಶುರು, ಬಲಗಡೆ ಕೊನೆ. ಯಂತ್ರ ಹಾಗೆ ಹೇಳಲ್ಲ. ಅದು ನಮ್ಮಮ್ಮನ ಥರ.”

ಗುಬ್ಬಿಗೆ ನಗು ಬಂತು. ಎರಡು ದಿನದಲ್ಲಿ ಮೊದಲನೆಯದು. ಅತ್ತೆಯ ಅಮ್ಮ ಅಂದರೆ ಗುಬ್ಬಿಯ ಅಜ್ಜಿ. ಅಜ್ಜಿಗೆ ಕತೆಯನ್ನು ಮೊದಲಿನಿಂದ ಹೇಳಿ ಗೊತ್ತೇ ಇರಲಿಲ್ಲ. “ಹೀಗೆ ರಾಜಕುಮಾರಿ ಬಾವಿಯಿಂದ ಎದ್ದು ಬಂದಳಾ,” ಎಂದು ಶುರು ಮಾಡಿ, ಅವಳು ಬಿದ್ದದ್ದು ಯಾಕೆ ಎಂಬುದಕ್ಕೆ ಮಕ್ಕಳು ಅರ್ಧ ಗಂಟೆ ಕಾಯಬೇಕಿತ್ತು.

“ಮೊದಲನೇ ಅಂಕಿ ಈಗ ಕಳೆದ ಒಂದು ನಿಮಿಷದ್ದು,” ಎಂದರು ಅತ್ತೆ. “ನಡುವಿನದು ಐದು ನಿಮಿಷದ ಸರಾಸರಿ. ಕೊನೇದು ಹದಿನೈದು ನಿಮಿಷದ್ದು. ಎಡಗಡೆ ಇರೋದು ಇವತ್ತು, ಬಲಗಡೆ ಇರೋದು ನಿನ್ನೆ ಅನ್ನೋ ಹಾಗೆ. ಈಗ ಓದಿ.”

ಮುಖ್ಯಸ್ಥರು ಹಾಳೆಯನ್ನು ಕಣ್ಣಿನ ಹತ್ತಿರ ತಂದರು. ತುಟಿ ಅಲ್ಲಾಡಿತು. ಬೆರಳು ಈ ಸಲ ಬಲಗಡೆಯಿಂದ ಹೊರಟಿತು.

“ಹದಿನೇಳು... ಹನ್ನೊಂದು... ಐದು.”

“ಇಳೀತಿದೆ. ಹತ್ತು ನಲವತ್ತೊಂದಕ್ಕೆ ಯಂತ್ರ ಸುಧಾರಿಸ್ಕೊಂಡು ಉಸಿರು ಬಿಡ್ತಿತ್ತು. ಕಷ್ಟ ಬಂದಿದ್ದು ಅದಕ್ಕಿಂತ ಹಿಂದೆ. ಹದಿನೈದು ನಿಮಿಷದ ಸರಾಸರಿ ಇಳಿದು ಇಳಿದೂ ಇನ್ನೂ ಹದಿನೇಳು ಇದೆ ಅಂದ್ರೆ, ಹಿಂದೆ ಅದೆಷ್ಟು ಹೊತ್ತು, ಎಷ್ಟು ಎತ್ತರದಲ್ಲಿ ನಿಂತಿರ್ಬೇಕು ಲೆಕ್ಕ ಹಾಕಿ. ಗುಬ್ಬಿ, ನೀನು ಕುರ್ಚಿಗೆ ಬಂದಿದ್ದು ಎಷ್ಟು ಗಂಟೆಗೆ?”

“ಹತ್ತೂವರೆಗೆ ಬರ್ಬೇಕಿತ್ತು. ಮೂರು ನಿಮಿಷ ತಡ ಆಯ್ತು.”

“ಆ ತಡಕ್ಕೆ ಪುಣ್ಯ ಬರ್ಲಿ.”

“ಆದ್ರೆ ಗಂಟೆಗಳು?” ಮುಖ್ಯಸ್ಥರ ದನಿ ಗಟ್ಟಿಯಾಗಿತ್ತು, ಆದರೆ ಅದರ ಅಡಿಪಾಯದಲ್ಲಿ ಎಲ್ಲೋ ಒಂದು ಕಲ್ಲು ಸಡಿಲವಾಗಿತ್ತು. “ಹತ್ತು ಮೂವತ್ತಾರಕ್ಕೆ ಹದಿಮೂರು ಕೋರಿಕೆ ಒಟ್ಟಿಗೆ ಬಂದು ಬಿದ್ವು. ಸರ್ವರ್ ಕೆಟ್ಟಿದ್ದು ಆವಾಗ. ಇಡೀ ಮಹಡಿ ಸಾಕ್ಷಿ.”

ಅತ್ತೆ ಗುಬ್ಬಿಯನ್ನು ನೋಡಿದರು. ಕೊಡ ಎತ್ತಿಕೊಟ್ಟು, ಇನ್ನು ನೀನೇ ನಡೆ ಎನ್ನುವವರ ನೋಟ ಅದು.

ಗುಬ್ಬಿ ಪೆನ್ನನ್ನು ಕೆಳಗಿಟ್ಟಳು.

“ಬೆಳಗಿನ ಪಾಳಿಯವರು ಎದ್ದು ಹೋಗ್ತಾ ಒಂದು ಮಾತು ಹೇಳಿದ್ರು,” ಎಂದಳು ಮೆಲ್ಲಗೆ. “‘ಅರ್ಧ ಗಂಟೆಯಿಂದ ಒಂದೂ ಕೋರಿಕೆ ಇಲ್ಲ, ಇವತ್ತು ಊರೆಲ್ಲ ಆರೋಗ್ಯವಾಗಿದೆ ಕಣೇ’ ಅಂತ. ನಾನೂ ನಕ್ಕೆ. ಪರದೆ ಖಾಲಿ ಇತ್ತು. ಕೆಲಸ ಇಲ್ವಲ್ಲ ಅಂತಾನೇ ವರದಿ ಓಡಿಸಿದ್ದು.” ಅವಳು ನೆಟ್ಟಗೆ ಕೂತಳು. “ಊರು ಆರೋಗ್ಯವಾಗಿರ್ಲಿಲ್ಲ ಅತ್ತೆ. ಕೋರಿಕೆಗಳು ಬಾಗಿಲ ಹೊರಗೆ ನಿಂತಿದ್ವು.”

“ಬಾಗಿಲು ತೆಗೆದಾಗ ಜನ ನುಗ್ಗಿ ಬಂದ್ರು,” ಎಂದರು ಅತ್ತೆ. “ನುಗ್ಗಿದ್ದನ್ನ ನೋಡಿ ಎಲ್ಲರೂ, ಅಯ್ಯೋ ಈಗ ಬಾಗಿಲು ಮುಚ್ಚಿತು ಅಂದ್ರು. ಗಂಟೆ ಬಡಿದಿದ್ದು ಸರ್ವರ್ ಕೆಟ್ಟಿದ್ದಕ್ಕಲ್ಲ ಸರ್. ಸರಿಯಾಗಿದ್ದಕ್ಕೆ.”

ಗಾಜಿನ ಬಾಗಿಲಿನಾಚೆ ಯಂತ್ರಗಳು ಒಂದೇ ಸಮ ಗುಂಯ್‌ಗುಡುತ್ತಿದ್ದವು. ಆ ಸದ್ದಿನಲ್ಲಿ ಯಾರ ಪರವೂ ಇರಲಿಲ್ಲ, ಯಾರ ವಿರೋಧವೂ ಇರಲಿಲ್ಲ.

“ಬಾಯಿಮಾತು,” ಎಂದರು ಮುಖ್ಯಸ್ಥರು ಕೊನೆಗೆ. “ಚೆನ್ನಾಗಿದೆ, ಒಪ್ಪಿದೆ. ಆದ್ರೆ ಒಂದೇ ಹಾಳೇನ ನಾನು ಎಡದಿಂದ ಓದಿದೆ, ನೀವು ಬಲದಿಂದ ಓದಿದ್ರಿ ಅಂತ ಮೇಲಿನವರಿಗೆ ಬರೆದ್ರೆ ನಗ್ತಾರೆ.”

“ಹಾಗಾದ್ರೆ ಯಂತ್ರಾನೇ ಕೇಳೋಣ. ಅದೇ ವರದೀನ ಈಗ ಓಡಿಸೋಣ. ಇದೇ ಹುಡುಗಿ ಓಡಿಸ್ಲಿ.”

“ಮತ್ತೆ ನಿಂತುಹೋದ್ರೆ?”

“ಮೊದಲು ಆಸ್ಪತ್ರೆಗಳಿಗೆಲ್ಲ ತಿಳಿಸಿ, ಅರ್ಧ ಗಂಟೆ ಕೋರಿಕೇನ ಫೋನಿನಲ್ಲೂ ಹೇಳಿ ಅಂತ. ಇಬ್ಬರನ್ನ ಫೋನಿನ ಮುಂದೆ ಕೂರಿಸಿ, ಕೈಯಲ್ಲಿ ಬರ್ಕೊಳ್ಳೋಕೆ. ಆಮೇಲೂ ಯಂತ್ರ ನಿಂತ್ರೆ ನಿಮ್ಮ ಹಾಳೆಗೆ ಎರಡು ಸಹಿ. ಅವಳದು, ಕೆಳಗೆ ನನ್ನದು.”

ಮುಖ್ಯಸ್ಥರು ಅತ್ತೆಯನ್ನು ನೋಡಿದರು, ಗುಬ್ಬಿಯನ್ನು ನೋಡಿದರು. ಆಮೇಲೆ ಫೋನ್ ಎತ್ತಿ ಇಬ್ಬರನ್ನು ಮೇಜಿಗೆ ಕೂರಿಸಲು ಹೇಳಿದರು. ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಹನ್ನೆರಡು ಗಂಟೆಗೆ ಹೆದರಿದ ಮನುಷ್ಯರು, ಅಷ್ಟೆ.

ಹನ್ನೊಂದು ಇಪ್ಪತ್ತಕ್ಕೆ ನಾಲ್ವರೂ ಪರದೆಯ ಮುಂದೆ ನಿಂತರು. ಒಂದು, ಒಂದು, ಒಂದು. ಯಂತ್ರ ನಿರಾಳವಾಗಿತ್ತು.

“ಒತ್ತು ಗುಬ್ಬಿ.”

“ಹೆದರಿಕೆ ಆಗ್ತಿದೆ ಅತ್ತೆ.”

“ಆಗ್ಲಿ ಬಿಡು. ಗುಂಡಿಗೇನು ಗೊತ್ತಾಗುತ್ತೆ.”

ಅವಳು ಒತ್ತಿದಳು.

ಎಡಗಡೆಯ ಅಂಕಿ ಮೊದಲು ಎದ್ದಿತು. ಒಂದು ನಿಮಿಷಕ್ಕೆ ಮೂರೂವರೆ. ನಡುವಿನದು ಸೋಮಾರಿ ತಮ್ಮನ ಹಾಗೆ ಮೈಮುರಿಯುತ್ತ ಎರಡರ ಹತ್ತಿರ ಬಂತು. ಬಲಗಡೆಯದು ಹಾಸಿಗೆ ಬಿಟ್ಟು ಏಳಲೇ ಇಲ್ಲ. ಮೂರು ನಿಮಿಷ ಕಳೆಯಿತು. ಎಡಗಡೆ ಐದು ಮುಟ್ಟುತ್ತಿತ್ತು, ನಡುವೆ ಮೂರು, ಬಲಗಡೆ ಇನ್ನೂ ಎರಡಾಗಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಟಿಣ್ ಎಂದಿತು. ಯಾವುದೋ ಆಸ್ಪತ್ರೆಯ ಕೋರಿಕೆ. ತಡವಿಲ್ಲದೆ ಬಂತು, ತಡವಿಲ್ಲದೆ ಉತ್ತರ ಹೋಯಿತು.

“ಹೊಸದು ಎಡಕ್ಕೆ, ಹಳೇದು ಬಲಕ್ಕೆ,” ಎಂದು ಮುಖ್ಯಸ್ಥರು ತಮಗೆ ತಾವೇ ಹೇಳಿಕೊಂಡರು. “ಮೊದಲೇ ಒಂದಿತ್ತು, ಈಗ ಐದು. ಅಂದ್ರೆ ಇವಳ ವರದಿಗೆ ನಾಲ್ಕೇ ಕುರ್ಚಿ ಸಾಕು.”

“ಇನ್ನೂ ಹನ್ನೊಂದು ಖಾಲಿ,” ಎಂದ ಮೌನಿ. ಯಾರೂ ಕೇಳದೆ ಅವನು ಆಡಿದ ಮೊದಲ ಮಾತು ಅದು.

ಮುಖ್ಯಸ್ಥರು ಮೇಜಿಗೆ ಹೋಗಿ ಹಾಳೆ ತೆಗೆದುಕೊಂಡರು. ಗುಬ್ಬಿಯ ಹೆಸರಿನ ಮೇಲೆ ಒಂದು ಗೆರೆ, ಅದರ ಮೇಲೆ ಇನ್ನೊಂದು ಗೆರೆ ಎಳೆದರು.

“ನನ್ನಿಂದ ತಪ್ಪಾಯ್ತಮ್ಮ,” ಎಂದರು. ಸರಳವಾಗಿ, ಗಡಿಯಾರ ನೋಡದೆ.

ಗುಬ್ಬಿಯ ಹೊಟ್ಟೆ ಗುರ್ರೆಂದಿತು, ಎಲ್ಲರಿಗೂ ಕೇಳುವಷ್ಟು.

“ಹಸಿವು ವಾಪಸ್ ಬಂತು ನೋಡಿ,” ಎಂದರು ಅತ್ತೆ.

ಆದರೆ ಮುಖ್ಯಸ್ಥರು ಇನ್ನೂ ಪೆನ್ನು ಹಿಡಿದೇ ನಿಂತಿದ್ದರು. “ಖಾಲಿ ಜಾಗ ಕಳಿಸೋಕೆ ಆಗಲ್ಲ ಮೇಡಂ. ಇವಳಲ್ಲ ಅಂದ್ಮೇಲೆ ಇನ್ನು ಯಾರು? ಇವಳು ಬರೋಕೆ ಮುಂಚೆ ಬಾಗಿಲು ಮುಚ್ಚಿದ್ದವರು ಯಾರು? ಅದನ್ನ ಬರೀದಿದ್ರೆ ಮೇಲಿನವರು ಈ ಗೆರೇನ ನಂಬಲ್ಲ.”

“ಅತ್ತೆ,” ಎಂದಳು ಗುಬ್ಬಿ.

ಅವಳು ಪರದೆ ಬಿಟ್ಟು ಕದಲಿರಲಿಲ್ಲ.

“ವರದಿ ಮುಗೀತು. ನನ್ನ ನಾಲ್ಕು ಕುರ್ಚೀನೂ ಖಾಲಿ. ಆದ್ರೆ ಅಂಕಿ ಇಳೀತಿಲ್ಲ.”

ಎಡಗಡೆ ಏಳು. ನೋಡುತ್ತಿದ್ದಂತೆ ಒಂಬತ್ತು. ಹದಿಮೂರು.

“ಹದಿನಾರು ಕೋರ್ ಏನು ಮಾಡ್ತಿವೆ?” ಎಂದು ಕೇಳಿದರು ಅತ್ತೆ. ದನಿ ಬದಲಾಗಿತ್ತು.

ಮೌನಿ ಕೀಲಿಮಣೆಯ ಮೇಲೆ ಬಗ್ಗಿದ. “ಏನೂ ಇಲ್ಲ. ಎಲ್ಲ ಸುಮ್ನೆ ಕೂತಿವೆ.”

“ಅಂದ್ರೇನು?” ಎಂದರು ಮುಖ್ಯಸ್ಥರು. “ಕುರ್ಚಿ ಎಲ್ಲ ಖಾಲಿ, ಅಂಗಡಿ ತುಂಬ ಜನ. ಹೇಗೆ ಸಾಧ್ಯ?”

“ಹಿತ್ತಿಲಲ್ಲಿ ಒಂದೇ ನಲ್ಲಿ ಇದೆ ಅಂದ್ಕೊಳ್ಳಿ. ತಲೆ ಒದ್ದೆ ಮಾಡ್ಕೊಳ್ದೆ ಯಾರೂ ಕುರ್ಚಿಗೆ ಬರೋ ಹಾಗಿಲ್ಲ. ಯಾರೋ ಒಬ್ಬರು ನಲ್ಲಿಗೆ ದೊಡ್ಡ ಹಂಡೆ ಇಟ್ಟು ಕೂತಿದಾರೆ. ಹಿಂದೆ ನಿಂತವರೂ ಲೋಡಿನ ಲೆಕ್ಕಕ್ಕೆ ಬರ್ತಾರೆ.” ಅತ್ತೆಯ ಕಣ್ಣು ಗಾಜಿನಾಚೆಗೆ ಹೋಯಿತು. “ನಲ್ಲಿ ಅಂದ್ರೆ ಡಿಸ್ಕು. ಎಲ್ಲ ಪಟ್ಟಿಗಳೂ ಇರೋ ಜಾಗ. ರಾಕ್ಷಸನ ಪ್ರಾಣ ಅವನ ಮೈಯಲ್ಲಿರಲ್ಲ, ಏಳು ಸಮುದ್ರದಾಚೆ ಗಿಳಿಯೊಳಗಿರುತ್ತೆ ಅಂತಾರಲ್ಲ. ಯಾರೋ ಗಿಳಿಯ ಕತ್ತಿಗೆ ಕೈ ಹಾಕಿದಾರೆ. ಮಂಗಳವಾರ ಹಾಕಿದವರೇ.”

ಹತ್ತೊಂಬತ್ತು. ಪಕ್ಕದ ಕೋಣೆಯಲ್ಲಿ ಟಿಣ್ ಸದ್ದು ನಿಂತಿತ್ತು. ಅದರ ಬದಲಿಗೆ ಫೋನ್ ರಿಂಗಾಯಿತು, ಯಾರೋ ಎತ್ತಿಕೊಂಡರು, ಕೋರಿಕೆಯನ್ನು ಜೋರಾಗಿ ಓದುತ್ತ ಬರೆದುಕೊಳ್ಳತೊಡಗಿದರು. ಇವತ್ತು ಯಾವ ಹೆರಿಗೆ ಕೋಣೆಯೂ ಕಾಯಬೇಕಾಗಿರಲಿಲ್ಲ.

“ಸಾಲಿನಲ್ಲಿ ಮುಂದೆ ನಿಂತಿರೋದು ಯಾರು?”

“ಒಂದು ನಕಲು ಕೆಲಸ,” ಎಂದ ಮೌನಿ. “ರಕ್ತ ಕೊಟ್ಟವರ ಪಟ್ಟಿ. ಹೆಸರು, ವಿಳಾಸ, ಗುಂಪು, ಎಲ್ಲ. ಪೂರ್ತಿ ನಕಲಾಗ್ತಿದೆ. ನಿಲ್ಲಿಸ್ಲಾ?” ಉತ್ತರಕ್ಕೆ ಕಾಯದೆ ಆಜ್ಞೆ ಕೊಟ್ಟ. ಮತ್ತೆ ಕೊಟ್ಟ. “ನಿಲ್ತಿಲ್ಲ.”

“ನಿಲ್ಲಲ್ಲ. ಡಿಸ್ಕಿಗೆ ಕಾಯ್ತಾ ಇರೋ ಕೆಲಸ ಶಾಪದ ನಿದ್ದೇಲಿರೋ ಹಾಗೆ, ಕಿವೀಲಿ ತುತ್ತೂರಿ ಊದಿದ್ರೂ ಕೇಳಲ್ಲ. ಯಾರ ಖಾತೆ ಅಂತ ಓದು.”

ಮೌನಿ ಓದಿದ. ಮತ್ತೊಮ್ಮೆ ಓದಿದ.

ಮುಖ್ಯಸ್ಥರು ಅವನ ಭುಜದ ಮೇಲಿಂದ ಬಗ್ಗಿ ನೋಡಿದರು. ನಿಧಾನವಾಗಿ ನೆಟ್ಟಗಾದರು. ಅವರ ಪೆನ್ನು ಗೆರೆ ಎಳೆದ ಹೆಸರಿನ ಪಕ್ಕದ ಖಾಲಿ ಜಾಗದ ಮೇಲೆ ತಾನಾಗಿ ಬಂದು ನಿಂತಿತು.

“ಮೇಡಂ,” ಎಂದರು. “ಇದು ನಿಮ್ಮ ಖಾತೆ.”

ಅತ್ತೆ ಪರದೆ ನೋಡಿದರು. ಇಪ್ಪತ್ತೆಂಟು ವರ್ಷ ದಿನಾ ಬೆಳಿಗ್ಗೆ ಟೈಪು ಮಾಡಿದ ಆರು ಅಕ್ಷರ.

“ನಾನು ಹೋದ ದಿನಾನೇ ಮುಚ್ಚಬೇಕಿತ್ತಲ್ಲ. ಇದರ ಪಾಸ್‌ವರ್ಡು ನಮ್ಮ ಮನೆಯವರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ.”

“ಮುಚ್ಚೋಕೆ ನನಗೆ ಯಾರೂ ಹೇಳ್ಲಿಲ್ಲ,” ಎಂದ ಮೌನಿ. ಕಿವಿ ಕೆಂಪಾಗಿತ್ತು.

“ನನಗೆ ಬೇರೆ ದಾರಿ ಇಲ್ಲ ಮೇಡಂ. ಹೆಸರು ಕಣ್ಮುಂದೆ ಇದೆ.”

“ಬರೀರಿ ಸರ್,” ಎಂದರು ಅತ್ತೆ ಶಾಂತವಾಗಿ.

“ಬರೀಬೇಡಿ.” ಗುಬ್ಬಿ ಪರದೆಯ ಮೇಲೆ ಬೆರಳಿಟ್ಟಿದ್ದಳು. “ಹೆಸರಿನ ಪಕ್ಕದಲ್ಲಿ ಸಮಯಾನೂ ಇದೆ, ಅದನ್ನ ಮೊದಲು ಓದಿ. ಹನ್ನೊಂದು ಇಪ್ಪತ್ತನಾಲ್ಕು. ಆವಾಗ ಅತ್ತೆ ಎಲ್ಲಿದ್ರು? ನಿಮ್ಮ ಪಕ್ಕದಲ್ಲಿ, ಕೈ ಕಟ್ಕೊಂಡು. ನೀವೇ ಸಾಕ್ಷಿ ಸರ್.” ಮೌನಿಯ ಕಡೆ ತಿರುಗಿದಳು. “ಯಾವ ಕಂಪ್ಯೂಟರಿನಿಂದ ಒಳಗೆ ಬಂದಿದಾರೆ?”

ಅವನು ಹುಡುಕಿದ. “ಈ ಕಟ್ಟಡದ್ದೇ. ಮೇಲಿನ ಮಹಡಿ. ಕಿಟಕಿ ಪಕ್ಕದ ಮೇಜು.”

“ಅದು ಹಳೇ ಕಡತದ ಕೋಣೆ,” ಎಂದರು ಮುಖ್ಯಸ್ಥರು. “ಅಲ್ಲಿ ಯಾರೂ ಇಲ್ಲ. ಬೀಗ ಹಾಕಿದೆ. ಇನ್ನೊಂದು ಕೀಲಿ ಕಳೆದು ವರ್ಷ ಆಯ್ತು, ಉಳಿದಿದ್ದು ನನ್ನ ಹತ್ರಾನೇ ಇದೆ.” ಜೇಬಿಗೆ ಕೈ ಹಾಕಿದರು. ಕೀಲಿ ಅಲ್ಲೇ ಇತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಮೂವರಿಗೂ ತೋರಿಸಿದರು.

ಅದೇ ಹೊತ್ತಿಗೆ ಅವರ ತಲೆಯ ಮೇಲೆ, ಚಾವಣಿಯಾಚೆ, ಒಂದು ಕುರ್ಚಿ ನೆಲಕ್ಕೆ ಉಜ್ಜಿ ಹಿಂದೆ ಸರಿಯಿತು.

ಅತ್ತೆ ತಿರುಗುವಷ್ಟರಲ್ಲಿ ಗುಬ್ಬಿ ಮುಖ್ಯಸ್ಥರ ಅಂಗೈಯಿಂದ ಕೀಲಿ ಎತ್ತಿಕೊಂಡು ಬಾಗಿಲು ದಾಟಿದ್ದಳು. ಅವಳ ಚಪ್ಪಲಿ ಮೆಟ್ಟಿಲ ಮೇಲೆ ಪಟಪಟ ಸದ್ದು ಮಾಡಿತು, ಎರಡೆರಡು ಮೆಟ್ಟಿಲು ಒಟ್ಟಿಗೆ.

“ಗುಬ್ಬಿ, ನಿಲ್ಲು, ನಾವೂ ಬರ್ತೀವಿ,” ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಿದರು.

ಮೊದಲ ತಿರುವು ಮುಟ್ಟುವ ಮುಂಚೆಯೇ ಮೇಲೆ ಬೀಗ ತಿರುಗಿದ್ದು ಕೇಳಿತು, ಬಾಗಿಲು ತೆರೆದದ್ದು ಕೇಳಿತು. ಆಮೇಲೆ ಗುಬ್ಬಿಯ ದನಿ. ಅದರಲ್ಲಿ ಹೆದರಿಕೆ ಇರಲಿಲ್ಲ, ದಿನಾ ಮನೆಯಲ್ಲಿ ಕಾಣುವವರನ್ನು ಕಾಣಬಾರದ ಕಡೆ ಕಂಡ ಅಚ್ಚರಿ ಮಾತ್ರ ಇತ್ತು.

“ಅಪ್ಪ, ನೀವಾ?”